ತಿಳಿಯದ ಮಾತು, ತಿಳಿಯುವ ನಡೆ: ಫಿಲಿಪ್ ಗ್ಲಾಸ್ ಅವರ 'ಸತ್ಯಾಗ್ರಹ' ಗೀತನಾಟಕ

1980ರ ಸೆಪ್ಟೆಂಬರ್ 5ರಂದು ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮ್ ನಗರದ ರಂಗಮಂದಿರದಲ್ಲಿ ಒಂದು ಹೊಸ ಗೀತನಾಟಕ ಪ್ರದರ್ಶಿತವಾಯಿತು. ಆ ನಗರವೇ ಅದನ್ನು ಬರೆಯಿಸಿತ್ತು. ಸಂಗೀತ ಅಮೆರಿಕದವರದು, ಪ್ರೇಕ್ಷಕರು ಡಚ್ಚರು, ಕಥೆ ನಡೆಯುವುದು ದಕ್ಷಿಣ ಆಫ್ರಿಕದಲ್ಲಿ, ಕಥಾನಾಯಕ ಗುಜರಾತಿನವರು. ಇಷ್ಟು ದೂರದೂರದ ಎಳೆಗಳನ್ನು ಕೂಡಿಸಿದ ಆ ರಂಗದ ಮೇಲೆ ಮೊದಲು ಕೇಳಿದ್ದು ತಗ್ಗಿದ ತಂತಿವಾದ್ಯಗಳ ನಾದ, ಅದರ ಮೇಲೆ ಒಂಟಿ ಗಂಡುದನಿಯಲ್ಲಿ ಸಂಸ್ಕೃತದ ಶ್ಲೋಕ. ಹಾಡುತ್ತಿದ್ದ ಪಾತ್ರ ಮೋಹನದಾಸ ಗಾಂಧಿ. ಸ್ವಲ್ಪ ಹೊತ್ತಿಗೆ ಅರ್ಜುನನ ದನಿ ಸೇರುತ್ತದೆ, ಆಮೇಲೆ ಕೃಷ್ಣನದು. ಮೂವರೂ ಒಂದೇ ಪದಗಳನ್ನು ಹಾಡುತ್ತಾರೆ. ಅವುಗಳ ಅರ್ಥ ತಿಳಿದವರು ಸಭೆಯಲ್ಲಿ ಬೆರಳೆಣಿಕೆಯಷ್ಟು ಮಂದಿಯೂ ಇದ್ದಿರಲಾರರು.

ಇದು ಫಿಲಿಪ್ ಗ್ಲಾಸ್ ಅವರ 'ಸತ್ಯಾಗ್ರಹ'. ಪಠ್ಯವನ್ನು ಸಿದ್ಧಪಡಿಸಿದವರು ಗ್ಲಾಸ್ ಮತ್ತು ಲೇಖಕಿ ಕಾನ್‌ಸ್ಟನ್ಸ್ ಡಿಜಾಂಗ್. ಮೂರು ಅಂಕಗಳ ಈ ಕೃತಿಯಲ್ಲಿ ಗಾಂಧೀಜಿಯವರ ಭಾಷಣದ ಒಂದು ವಾಕ್ಯವೂ ಇಲ್ಲ. ತಲೆಗಂದಾಯದ ಮಾತಿಲ್ಲ, ಕಾನೂನಿನ ಹೆಸರಿಲ್ಲ, ಸರ್ಕಾರದ ಹೆಸರೂ ಇಲ್ಲ. ಹಾಡುವುದೆಲ್ಲ ಭಗವದ್ಗೀತೆಯಿಂದ ಆಯ್ದ ಶ್ಲೋಕಗಳು, ಅದೂ ಮೂಲ ಸಂಸ್ಕೃತದಲ್ಲಿ. ಜನರನ್ನು ಒಗ್ಗೂಡಿಸಿದ ಒಂದು ಹೋರಾಟದ ಕಥೆಯನ್ನು ಜನರಿಗೆ ತಿಳಿಯದ ಭಾಷೆಯಲ್ಲಿ ಹೇಳುವುದು ಸರಿಯೇ? ಮನೆಯಲ್ಲೊಂದು, ಶಾಲೆಯಲ್ಲೊಂದು, ಕಚೇರಿಯಲ್ಲಿ ಮತ್ತೊಂದು ಭಾಷೆಯನ್ನು ಕೇಳುತ್ತ ಬೆಳೆಯುವ ಗಡಿನಾಡಿನ ವಿದ್ಯಾರ್ಥಿಗೆ ಈ ಪ್ರಶ್ನೆ ಕೇವಲ ಸೌಂದರ್ಯಮೀಮಾಂಸೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಗ್ಲಾಸ್ 1937ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದವರು. ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿಯೂ ಪ್ಯಾರಿಸ್‌ನಲ್ಲಿ ನಾದಿಯಾ ಬೂಲಾಂಜೆ ಅವರ ಬಳಿಯೂ ಕಲಿತರು. ಹೊಟ್ಟೆಪಾಡಿಗೆ ನಲ್ಲಿ ರಿಪೇರಿ ಮಾಡಿದರು, ಟ್ಯಾಕ್ಸಿ ಓಡಿಸಿದರು. 1976ರಲ್ಲಿ ಅವರ 'ಐನ್‌ಸ್ಟೈನ್ ಆನ್ ದಿ ಬೀಚ್' ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಮಂದಿರದಲ್ಲಿ ನಡೆದು ಹೆಸರು ತಂದ ಮೇಲೂ ಟ್ಯಾಕ್ಸಿಯ ಚಕ್ರವನ್ನು ಅವರು ಕೂಡಲೇ ಬಿಡಲಾಗಲಿಲ್ಲ. ಐನ್‌ಸ್ಟೈನ್, ಗಾಂಧಿ, ಈಜಿಪ್ತಿನ ದೊರೆ ಅಖ್ನಾತೆನ್ ಈ ಮೂವರನ್ನು ಕುರಿತ ಗೀತನಾಟಕಗಳು ಒಂದು ತ್ರಿವಳಿಯಾಗಿವೆ. ವಿಜ್ಞಾನ, ರಾಜಕಾರಣ, ಧರ್ಮ ಎಂಬ ಮೂರು ಕ್ಷೇತ್ರಗಳಲ್ಲಿ ಬಲದಿಂದಲ್ಲದೆ ವಿಚಾರದಿಂದ ತಮ್ಮ ಕಾಲವನ್ನು ಕದಲಿಸಿದವರ ಚಿತ್ರಗಳಿವು.

ಈ ಸಂಗೀತವನ್ನು ಸಾಮಾನ್ಯವಾಗಿ 'ಮಿನಿಮಲಿಸ್ಟ್' ಎಂದು ಕರೆಯುತ್ತಾರೆ: ಅತ್ಯಲ್ಪ ಸಾಮಗ್ರಿ, ದೀರ್ಘ ಪುನರಾವರ್ತನೆ, ಗಮನಕ್ಕೆ ಬಾರದಷ್ಟು ನಿಧಾನವಾದ ಬದಲಾವಣೆ. ಗ್ಲಾಸ್‌ರಿಗೆ ಈ ಹೆಸರು ಒಪ್ಪಿಗೆಯಿಲ್ಲ. ಪುನರಾವರ್ತನೆಯ ಕಟ್ಟಡವುಳ್ಳ ಸಂಗೀತ ಎಂದರೆ ಸಾಕು ಎನ್ನುತ್ತಾರೆ. ಅದರ ಬೇರು ನಮ್ಮ ದೇಶದಲ್ಲಿಯೇ ಇದೆ. 1960ರ ದಶಕದ ಮಧ್ಯದಲ್ಲಿ ಪ್ಯಾರಿಸ್‌ನಲ್ಲಿ 'ಚಾಪಕ್ವಾ' ಎಂಬ ಚಲನಚಿತ್ರಕ್ಕೆ ಪಂಡಿತ್ ರವಿಶಂಕರ್ ಸಂಗೀತ ಕೊಡುತ್ತಿದ್ದಾಗ, ಅವರು ನುಡಿಸಿದ್ದನ್ನು ಪಾಶ್ಚಾತ್ಯ ವಾದ್ಯಗಾರರಿಗಾಗಿ ಸ್ವರಲಿಪಿಗೆ ಇಳಿಸುವ ಕೆಲಸ ಗ್ಲಾಸ್‌ರದಾಗಿತ್ತು. ಅವರು ಅಭ್ಯಾಸದಂತೆ ನಡುನಡುವೆ ಗೆರೆ ಎಳೆದು ಸ್ವರಗಳನ್ನು ಸಮಭಾಗ ಮಾಡಿದರು. ಗೆರೆ ಬಿದ್ದಲ್ಲೆಲ್ಲ ವಾದ್ಯಗಾರರು ಒತ್ತು ಕೊಡತೊಡಗಿದರು. ತಬಲಾ ವಾದಕ ಅಲ್ಲಾ ರಖಾ ಅವರಿಗೆ ಅದು ಸರಿಕಾಣಲಿಲ್ಲ. ಸ್ವರಗಳೆಲ್ಲ ಸಮಾನ ಎಂದು ತಿದ್ದುತ್ತಲೇ ಹೋದರು. ಕೊನೆಗೆ ಗೆರೆಗಳನ್ನೆಲ್ಲ ಅಳಿಸಿ ನೋಡಿದಾಗ ಎರಡು, ಮೂರು ಘಟಕಗಳ ಸಣ್ಣ ಗುಂಪುಗಳು ಸೇರಿ ದೊಡ್ಡ ಆವರ್ತಗಳಾಗುವ ಕ್ರಮ ಗ್ಲಾಸ್‌ರಿಗೆ ಗೋಚರಿಸಿತು. ಅವರು ಕಲಿತಿದ್ದ ಸಂಗೀತ ಕಾಲವನ್ನು ರೊಟ್ಟಿಯಂತೆ ಮುರಿದು ಹಂಚುತ್ತಿತ್ತು. ಇಲ್ಲಿ ಕಾಲ ಮಣಿಗೆ ಮಣಿ ಪೋಣಿಸಿದ ಸರದಂತೆ ಬೆಳೆಯುತ್ತಿತ್ತು.

ಛಂದಸ್ಸನ್ನು ಓದಿರುವ ಕನ್ನಡ ವಿದ್ಯಾರ್ಥಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಭಾಮಿನೀ ಷಟ್ಪದಿಯ ಮೊದಲ ಸಾಲನ್ನು ನೆನೆಯಬೇಕು: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳು. ಈ ಜೋಡಿ ಮರುಕಳಿಸುತ್ತ ಹೋಗಿ, ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಇನ್ನೊಂದು ಜೋಡಿಯನ್ನೂ ಒಂದು ಗುರುವನ್ನೂ ಸೇರಿಸಿಕೊಂಡು ಉದ್ದವಾಗುತ್ತದೆ. ಗಮಕಿ ಹಾಡುವಾಗ ಕೇಳುಗನು ಮಾತ್ರೆ ಎಣಿಸುವುದಿಲ್ಲ. ಸಾಲು ಉದ್ದವಾದುದನ್ನು ಮೈ ತಾನೇ ಅರಿಯುತ್ತದೆ. ಗ್ಲಾಸ್‌ರ ಒಂದು ತಂತ್ರ ಈ ಬಗೆಯದು: ಐದು ಸ್ವರಗಳ ಗುಚ್ಛವನ್ನು ಹಲವು ಬಾರಿ ನುಡಿಸಿ, ಆರಕ್ಕೆ ಏರಿಸಿ, ಏಳಕ್ಕೆ ಏರಿಸಿ, ಮತ್ತೆ ಇಳಿಸುವುದು. ಕರ್ನಾಟಕ ಸಂಗೀತದಲ್ಲಿ ಹಿಗ್ಗುವ ವಿನ್ಯಾಸಕ್ಕೆ ಸ್ರೋತೋವಹ ಯತಿ ಎಂದೂ ಕುಗ್ಗುವುದಕ್ಕೆ ಗೋಪುಚ್ಛ ಯತಿ ಎಂದೂ ಹೆಸರಿದೆ. ಇನ್ನೊಂದು ತಂತ್ರದಲ್ಲಿ ಮೂರರ ಆವರ್ತವೂ ನಾಲ್ಕರ ಆವರ್ತವೂ ಏಕಕಾಲದಲ್ಲಿ ಹೊರಟು ಹನ್ನೆರಡು ಘಟಕಗಳಾದ ಮೇಲೆ ಮತ್ತೆ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ತಬಲಾ ಕೇಳಿದವರಿಗೆ ಸಮ್ ಮೇಲೆ ಬಂದು ಬೀಳುವ ಸುಖ ಗೊತ್ತಿದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು: ಇಲ್ಲಿ ರಾಗವಿಲ್ಲ, ಮನೋಧರ್ಮವಿಲ್ಲ. ಪ್ರತಿಯೊಂದು ಸ್ವರವನ್ನೂ ಬರೆದಿಡಲಾಗಿದೆ. 'ಸತ್ಯಾಗ್ರಹ'ವನ್ನು ಭಾರತೀಯ ಸಂಗೀತದ ಅನುಕರಣೆ ಎನ್ನುವವರು ಅದನ್ನು ಸರಿಯಾಗಿ ಕೇಳಿಲ್ಲ.

ವಾದ್ಯಮೇಳವನ್ನೂ ಗಮನಿಸಬೇಕು. ತಂತಿವಾದ್ಯಗಳು, ಕೊಳಲಿನ ಜಾತಿಯ ಗಾಳಿವಾದ್ಯಗಳು, ಒಂದು ವಿದ್ಯುತ್ ಆರ್ಗನ್, ಅಷ್ಟೆ. ಕಹಳೆಯ ಜಾತಿಯ ಲೋಹವಾದ್ಯಗಳಿಲ್ಲ, ಚರ್ಮವಾದ್ಯಗಳಿಲ್ಲ. ಗೀತೆಯ ಮೊದಲ ಅಧ್ಯಾಯದಲ್ಲಿ ಶಂಖ, ಭೇರಿಗಳ ಅಬ್ಬರಕ್ಕೆ ಆಕಾಶವೇ ನಡುಗುತ್ತದೆ. ಗ್ಲಾಸ್‌ರ ಕುರುಕ್ಷೇತ್ರದಲ್ಲಿ ಭೇರಿಯೇ ಇಲ್ಲ. ಅಹಿಂಸೆಯನ್ನು ಇಷ್ಟು ನೇರವಾಗಿ ವಾದ್ಯಗಳ ಆಯ್ಕೆಯಲ್ಲಿಯೇ ಹೇಳಿಬಿಟ್ಟ ಕೃತಿ ಅಪರೂಪ.

ಅಂಕಗಳ ವಿನ್ಯಾಸ ಕಾಲಾನುಕ್ರಮದಲ್ಲಿಲ್ಲ. ಮೊದಲ ಅಂಕದಲ್ಲಿ ಪೌರಾಣಿಕ ಕುರುಕ್ಷೇತ್ರ, ಅನಂತರ 1910ರ ಟಾಲ್‌ಸ್ಟಾಯ್ ಫಾರ್ಮ್, ಅದರ ಬೆನ್ನಿಗೆ ಹಿಂದಕ್ಕೆ ಸರಿದು 1906ರ ಪ್ರತಿಜ್ಞೆ. ಎರಡನೆಯದರಲ್ಲಿ ಡರ್ಬನ್ ಬೀದಿಯ ಹಲ್ಲೆ, 'ಇಂಡಿಯನ್ ಒಪೀನಿಯನ್' ಪತ್ರಿಕೆಯ ಮುದ್ರಣ, 1908ರಲ್ಲಿ ನೋಂದಣಿ ಪತ್ರಗಳನ್ನು ಸುಟ್ಟ ಪ್ರಸಂಗ. ಮೂರನೆಯದು ಒಂದೇ ದೃಶ್ಯ, 1913ರ ನ್ಯೂಕ್ಯಾಸಲ್ ನಡಿಗೆ. ಒಂದೊಂದು ಅಂಕದ ಮೇಲೂ ಒಬ್ಬ ಸಾಕ್ಷಿಪುರುಷ ಮೌನವಾಗಿ ಕುಳಿತಿರುತ್ತಾನೆ: ಟಾಲ್‌ಸ್ಟಾಯ್, ರವೀಂದ್ರನಾಥ ಠಾಕೂರ್, ಮಾರ್ಟಿನ್ ಲೂಥರ್ ಕಿಂಗ್. ಒಬ್ಬರು ಗಾಂಧಿಗಿಂತ ಹಿಂದಿನವರು, ಒಬ್ಬರು ಸಮಕಾಲೀನರು, ಒಬ್ಬರು ಮುಂದಿನವರು. ಅವರು ಹಾಡುವುದಿಲ್ಲ, ಮಾತಾಡುವುದಿಲ್ಲ.

ದೃಶ್ಯಕ್ಕೂ ಶ್ಲೋಕಕ್ಕೂ ಇರುವ ನಂಟು ಸೂಕ್ಷ್ಮವಾದದ್ದು. ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಸತ್ಯಾಗ್ರಹಿಗಳು ಮನೆ ಕಟ್ಟುವಾಗ ಹಾಡುವುದು ಐದನೆಯ ಅಧ್ಯಾಯದ ಭಾಗವನ್ನು; ಜ್ಞಾನವೂ ಕರ್ಮವೂ ಬೇರೆಯಲ್ಲ ಎಂಬುದು ಅಲ್ಲಿನ ವಿಚಾರ. ಪತ್ರಿಕೆಯ ದೃಶ್ಯಕ್ಕೆ ಮೂರನೆಯ ಅಧ್ಯಾಯದ ನಿಷ್ಕಾಮ ಕರ್ಮ. ಅಚ್ಚುಯಂತ್ರದ ಏಕತಾನದ ದುಡಿಮೆಗೆ ಅದಕ್ಕಿಂತ ಹೊಂದುವ ಪಠ್ಯವಿಲ್ಲ. ಡರ್ಬನ್‌ನಲ್ಲಿ ಗಾಂಧಿಯನ್ನು ಬಿಳಿಯರ ಗುಂಪು ಅಟ್ಟಿಸಿಕೊಂಡು ಬರುವಾಗ ಪೋಲೀಸ್ ಅಧಿಕಾರಿಯ ಹೆಂಡತಿ ಶ್ರೀಮತಿ ಅಲೆಕ್ಸಾಂಡರ್ ತನ್ನ ಕೊಡೆಯನ್ನು ಬಿಚ್ಚಿ ಅಡ್ಡ ನಿಲ್ಲುತ್ತಾಳೆ. ಹದಿನಾರನೆಯ ಅಧ್ಯಾಯದ ಆಸುರೀ ಸ್ವಭಾವದ ವರ್ಣನೆ ಅಲ್ಲಿ ಕೇಳಿಸುತ್ತದೆ. ಆ ಗುಂಪಿನ ಬಾಯಲ್ಲಿ ಬರಿಯ ನಗೆಯ 'ಹಾ ಹಾ' ಎಂಬ ಸದ್ದನ್ನೂ ಗ್ಲಾಸ್ ತುಂಬಿದ್ದಾರೆ. ನೋಂದಣಿ ಪತ್ರಗಳನ್ನು ಸುಡುವಾಗ ಹನ್ನೆರಡನೆಯ ಅಧ್ಯಾಯ: ಯಾರನ್ನೂ ದ್ವೇಷಿಸದವನೇ ಪ್ರಿಯನೆಂಬ ಮಾತು. ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಆವರಣದಲ್ಲಿ 1908ರ ಆಗಸ್ಟ್ 16ರಂದು ಎರಡು ಸಾವಿರಕ್ಕೂ ಹೆಚ್ಚು ಪತ್ರಗಳು ಒಂದು ದೊಡ್ಡ ಕಡಾಯಿಯಲ್ಲಿ ಬೂದಿಯಾದವು. ಬೆಂಕಿ ಹಚ್ಚಿದ ಕ್ಷಣದಲ್ಲಿ ದ್ವೇಷರಾಹಿತ್ಯದ ಹಾಡು. ಇಡೀ ಕೃತಿಯ ಅತ್ಯಂತ ಸಾರ್ಥಕ ಜೋಡಣೆ ಇದು ಎನ್ನಬೇಕು.

ಹೀಗೆ ಕ್ರಿಯೆ ಒಂದು ದಾರಿಯಲ್ಲಿ, ಮಾತು ಇನ್ನೊಂದು ದಾರಿಯಲ್ಲಿ ನಡೆಯುವುದು ಪಶ್ಚಿಮದ ಆಪೆರಾ ಪ್ರೇಕ್ಷಕನಿಗೆ ಹೊಸತು. ಯಕ್ಷಗಾನ ನೋಡಿದವರಿಗೆ ಅಷ್ಟು ಹೊಸತಲ್ಲ. ಭಾಗವತ ಹಾಡುತ್ತಾನೆ, ಪಾತ್ರಧಾರಿ ಕುಣಿಯುತ್ತಾನೆ. ಹಾಡಿನ ಬಾಯಿ ಬೇರೆ, ಕುಣಿತದ ಕಾಲು ಬೇರೆ. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿ ಸಂಸ್ಥಾನಕ್ಕೆ ಬಂದು ಆಡಿದ್ದನ್ನು ಕಂಡೇ ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾಸ್ವಯಂವರ'ವನ್ನು ಮರಾಠಿಯಲ್ಲಿ ಆಡಿಸಿದರು. ಕನ್ನಡ ಬಾರದ ಸಾಂಗ್ಲಿಯ ಎಷ್ಟೋ ಮಂದಿ ಅಂದು ಆ ಮೇಳವನ್ನು ಕಣ್ಣಿನಿಂದಲೂ ಕಿವಿಯಿಂದಲೂ ಅರ್ಥಮಾಡಿಕೊಂಡಿರಬೇಕು. ಅದರಿಂದಲೇ ಒಂದು ರಂಗಭೂಮಿ ಹುಟ್ಟಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ 'ಸಂಗೀತ ಶಾಕುಂತಲ' ಪುಣೆಯಲ್ಲಿ ಮೊದಲು ಪ್ರಯೋಗವಾದದ್ದು 1880ರಲ್ಲಿ, ರಾಟರ್‌ಡ್ಯಾಮ್ ಪ್ರಯೋಗಕ್ಕೆ ಸರಿಯಾಗಿ ನೂರು ವರ್ಷ ಮೊದಲು. ಇದು ಕಾಕತಾಳೀಯ, ಆದರೂ ನೆನಪಿಡಲು ಅನುಕೂಲ. ಕನ್ನಡದ ಗೀತನಾಟಕ ಮಾತ್ರ, ಪು.ತಿ.ನ. ಅವರ 'ಗೋಕುಲ ನಿರ್ಗಮನ'ದಲ್ಲಿ ಕಾಣುವಂತೆ, ಮಾತಿನ ಅರ್ಥವನ್ನು ಬಿಟ್ಟುಕೊಡದೆ ಅದನ್ನೇ ಹಾಡಾಗಿಸುವ ದಾರಿ ಹಿಡಿಯಿತು.

ಸಂಸ್ಕೃತವೇ ಏಕೆ? ಗಾಂಧಿ ಹಾಡುತ್ತಿರುವುದು ಎದುರಿಗಿದ್ದವರೊಡನೆ ಆಡಿದ ಮಾತಲ್ಲ, ತನ್ನೊಳಗೆ ಹೇಳಿಕೊಂಡದ್ದು ಎಂಬುದು ಕೃತಿಯ ತರ್ಕ. ಇದಕ್ಕೆ ಚರಿತ್ರೆಯ ಆಧಾರವೂ ಉಂಟು. ಲಂಡನ್ನಿನಲ್ಲಿ ಓದುತ್ತಿದ್ದಾಗ ಥಿಯೊಸಾಫಿಸ್ಟ್ ಗೆಳೆಯರಿಬ್ಬರ ಜೊತೆ, ಎಡ್ವಿನ್ ಆರ್ನಾಲ್ಡ್‌ರ ಇಂಗ್ಲಿಷ್ ಅನುವಾದದ ಮೂಲಕ ಗೀತೆಯನ್ನು ಮೊದಲ ಬಾರಿಗೆ ಓದಿದ ಗಾಂಧಿ, ಜೊಹಾನ್ಸ್‌ಬರ್ಗ್‌ನಲ್ಲಿ ಅದನ್ನು ಬಾಯಿಪಾಠ ಮಾಡತೊಡಗಿದರು. ಶ್ಲೋಕ ಬರೆದ ಚೀಟಿಗಳನ್ನು ಎದುರಿನ ಗೋಡೆಗೆ ಅಂಟಿಸಿ, ಹಲ್ಲುಜ್ಜುವ ಹದಿನೈದು ನಿಮಿಷಗಳಲ್ಲಿ ಒಂದೊಂದನ್ನೇ ಕಂಠಸ್ಥ ಮಾಡಿಕೊಳ್ಳುತ್ತಿದ್ದರೆಂದು ಆತ್ಮಕಥೆಯಲ್ಲಿಯೇ ಬರೆದಿದ್ದಾರೆ. ಹದಿಮೂರು ಅಧ್ಯಾಯಗಳು ಹಾಗೆ ಮುಗಿದವು. ಪ್ರತಿದಿನ ಗೋಡೆಯ ಮುಂದೆ ನಿಂತು ಅದೇ ಸಾಲನ್ನು ಮತ್ತೆ ಮತ್ತೆ ಹೇಳಿಕೊಳ್ಳುವುದು. ಗ್ಲಾಸ್‌ರ ಪುನರಾವರ್ತನೆಗೆ ಇದಕ್ಕಿಂತ ಹತ್ತಿರದ ಚಿತ್ರ ದೊರೆಯದು.

ಇಲ್ಲೊಂದು ತೊಡಕಿದೆ. ಗೀತೆ ಯುದ್ಧ ಬೇಡವೆಂದವನನ್ನು ಯುದ್ಧಕ್ಕೆ ನಿಲ್ಲಿಸುವ ಗ್ರಂಥ. ಅಹಿಂಸೆಯ ನಾಟಕ ಅದರಿಂದ ಹೇಗೆ ಹುಟ್ಟೀತು? ನಮ್ಮ ಕವಿಗಳೂ ಈ ಪ್ರಸಂಗದ ಮುಂದೆ ಬೇರೆಬೇರೆಯಾಗಿ ನಡೆದುಕೊಂಡಿದ್ದಾರೆ. ಪಂಪ ಗೀತೋಪದೇಶವನ್ನು ಬಹುಬೇಗ ದಾಟಿ ರಣಕ್ಕೆ ಇಳಿಯುತ್ತಾನೆ. ಕುಮಾರವ್ಯಾಸ ಭೀಷ್ಮಪರ್ವದಲ್ಲಿ ಅದನ್ನು ಸಂಗ್ರಹಿಸಿ ಹೇಳುತ್ತಾನೆ. ನಾಗರಸ ಇಡೀ ಗೀತೆಯನ್ನು ಭಾಮಿನಿಗೆ ತಂದ. ಮರಾಠಿಯ ಜ್ಞಾನೇಶ್ವರರು 1290ರಲ್ಲಿಯೇ ಓವಿಗಳಲ್ಲಿ ಅದನ್ನು ಜನದ ಮಾತಾಗಿಸಿದ್ದರು. ಲೋಕಮಾನ್ಯ ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಬರೆದ 'ಗೀತಾರಹಸ್ಯ'ವನ್ನು ಆಲೂರ ವೆಂಕಟರಾಯರು ಕನ್ನಡಿಸಿದರು. ತಿಲಕರು ಗೀತೆಯಲ್ಲಿ ಕಂಡ ಕರ್ಮಯೋಗದಲ್ಲಿ, ಧರ್ಮಕ್ಕಾಗಿ ಎತ್ತಿದ ಶಸ್ತ್ರಕ್ಕೂ ಎಡೆಯಿತ್ತು. ಗಾಂಧೀಜಿ ತಮ್ಮ 'ಅನಾಸಕ್ತಿಯೋಗ'ದಲ್ಲಿ ಕುರುಕ್ಷೇತ್ರವನ್ನು ಮನುಷ್ಯನ ಎದೆಗೆ ಒಯ್ದರು: ಫಲದ ಆಸೆಯನ್ನು ನಿಜವಾಗಿ ತೊರೆದವನಿಗೆ ಹಿಂಸೆ ಸಾಧ್ಯವೇ ಆಗದು ಎಂಬುದು ಅವರ ವಾದ. ಈ ವಾದ ಮೂಲಪಠ್ಯಕ್ಕೆ ನಿಷ್ಠವೇ ಎಂಬುದರಲ್ಲಿ ಪಂಡಿತರು ಒಪ್ಪಿಲ್ಲ, ಒಪ್ಪಬೇಕಾದ್ದೂ ಇಲ್ಲ. ಗ್ಲಾಸ್ ಈ ಚರ್ಚೆಯನ್ನು ಬಿಡಿಸಲು ಹೋಗುವುದಿಲ್ಲ. ಎರಡು ಸೇನೆಗಳ ನಡುವೆ ಗಾಂಧಿಯನ್ನು ನಿಲ್ಲಿಸಿ, ಅರ್ಜುನನ ಸ್ವರವನ್ನೇ ಆತನಿಗೂ ಕೊಡುತ್ತಾರೆ.

ಹೆಸರಿನ ಬಗ್ಗೆಯೂ ಒಂದು ಮಾತು. 'ನಿಷ್ಕ್ರಿಯ ಪ್ರತಿರೋಧ' ಎಂಬರ್ಥದ ಇಂಗ್ಲಿಷ್ ಪದ ಗಾಂಧಿಗೆ ಹಿಡಿಸದೆ, ತಕ್ಕ ಪದ ಸೂಚಿಸಿದವರಿಗೆ ಬಹುಮಾನವೆಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ಮಗನಲಾಲ ಗಾಂಧಿ 'ಸದಾಗ್ರಹ' ಎಂದರು. ಗಾಂಧಿ ಅದನ್ನು 'ಸತ್ಯಾಗ್ರಹ' ಎಂದು ತಿದ್ದಿದರು. ಸತ್ಯ ಮತ್ತು ಆಗ್ರಹ ಸೇರಿದ ಸವರ್ಣದೀರ್ಘ ಸಂಧಿ ಎಂದು ಬರೆದು ಅಂಕ ಪಡೆಯುವುದು ಸುಲಭ. 'ಆಗ್ರಹ'ವನ್ನು ತಿಳಿಯುವುದು ಅಷ್ಟು ಸುಲಭವಲ್ಲ. ಕನ್ನಡದ ಹಳೆಯ ಬಳಕೆಯಲ್ಲಿ ಅದಕ್ಕೆ ಸಿಟ್ಟು ಎಂಬ ಛಾಯೆಯಿದೆ. ಇಂದಿನ ಪತ್ರಿಕೆಗಳಲ್ಲಿ 'ಆಗ್ರಹಿಸಿದರು' ಎಂದರೆ ಒತ್ತಾಯದ ಬೇಡಿಕೆ. ಮರಾಠಿ ಮನೆಗಳಲ್ಲಿ ಇದೇ ಪದಕ್ಕೆ ಬೇರೆ ರುಚಿ: ಪಂಕ್ತಿಯಲ್ಲಿ ಕುಳಿತ ನೆಂಟನ ಎಲೆಗೆ, ಸಾಕು ಸಾಕೆಂದರೂ, ಇನ್ನೊಂದು ಹೋಳಿಗೆ ಬಡಿಸುವ ಪ್ರೀತಿಯ ಬಲವಂತವೇ ಆಗ್ರಹ. ಎದುರಾಳಿಯನ್ನು ಬಿಡದೆ ಹಿಡಿಯುವುದು, ಆದರೆ ನೋಯಿಸದೆ ಹಿಡಿಯುವುದು. ಎರಡೂ ಭಾಷೆಗಳನ್ನು ಬಲ್ಲವನಿಗೆ ಈ ಪದ ಹೆಚ್ಚು ಪೂರ್ಣವಾಗಿ ಒಲಿಯುತ್ತದೆ.

ಕೃತಿಯ ಮೇಲೆ ಆಕ್ಷೇಪಗಳೂ ಇವೆ. ಡರ್ಬನ್ ದೃಶ್ಯಕ್ಕೆ ಗ್ಲಾಸ್ 1896 ಎಂದು ವರ್ಷ ಹಾಕಿದ್ದಾರೆ. ಹಡಗು ಬಂದರಿಗೆ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ, ಹಲ್ಲೆ ನಡೆದದ್ದು ಗಾಂಧಿ ಇಳಿದ 1897ರ ಜನವರಿ 13ರಂದು. ಇದು ಸಣ್ಣ ದೋಷ. ಅದಕ್ಕಿಂತ ದೊಡ್ಡದು ಬೇರೆಯಿದೆ: ದಕ್ಷಿಣ ಆಫ್ರಿಕದ ನೆಲದ ಬಹುಸಂಖ್ಯಾತ ಕಪ್ಪು ಜನ ಈ ಕಥೆಯಲ್ಲಿ ಪಾತ್ರಗಳಾಗಿಲ್ಲ. ಅಂದಿನ ಚಳವಳಿಯೂ ಭಾರತೀಯರ ಹಕ್ಕುಗಳಿಗೆ ಸೀಮಿತವಾಗಿತ್ತೆಂಬುದು ನಿಜ. ಆದರೂ ಆ ಗೈರುಹಾಜರಿ ಇಂದಿನ ಪ್ರೇಕ್ಷಕನನ್ನು ಕಾಡದಿರದು.

ಮತ್ತೊಂದು ಆಕ್ಷೇಪ ಭಾಷೆಯದು. 1860ರಲ್ಲಿ ಮದರಾಸಿನಿಂದ ಹೊರಟ ಹಡಗಿನೊಂದಿಗೆ ನಟಾಲ್‌ಗೆ ಕರಾರು ಕೂಲಿಗಳ ಸಾಗಾಟ ಆರಂಭವಾಯಿತು. 1913ರಲ್ಲಿ ಗಣಿ ಬಿಟ್ಟು ನಡೆದವರಲ್ಲಿ ತಮಿಳರು, ತೆಲುಗರು ದೊಡ್ಡ ಸಂಖ್ಯೆಯಲ್ಲಿದ್ದರು. ಕರಾರು ಮುಗಿದವರ ಮೇಲೆ ವರ್ಷಕ್ಕೆ 3 ಪೌಂಡಿನ ತೆರಿಗೆ. ಕ್ರೈಸ್ತ ವಿಧಿಯಿಂದಲ್ಲದ ಮದುವೆಗಳನ್ನು ಅಸಿಂಧುವಾಗಿಸಿದ ತೀರ್ಪು. ಇವೆರಡರ ವಿರುದ್ಧ ಹೆಂಗಸರೇ ಮೊದಲು ನ್ಯೂಕ್ಯಾಸಲ್ ಗಣಿಗಳಿಗೆ ಹೋಗಿ ಕೂಲಿಗಳನ್ನು ಎಬ್ಬಿಸಿದರು. ಅವರು ಕರೆದದ್ದು ಸಂಸ್ಕೃತದಲ್ಲಿ ಅಲ್ಲ. ಸ್ವತಃ 'ಇಂಡಿಯನ್ ಒಪೀನಿಯನ್' 1903ರಲ್ಲಿ ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳು ಎಂದು ನಾಲ್ಕು ಭಾಷೆಗಳಲ್ಲಿ ಹೊರಟಿತ್ತು. ಆಡುನುಡಿಯಿಲ್ಲದೆ ಚಳವಳಿಯಿಲ್ಲವೆಂಬುದು ಗಾಂಧಿಗೆ ಚೆನ್ನಾಗಿ ಗೊತ್ತಿತ್ತು. ಗೀತನಾಟಕದಲ್ಲಿ ಶ್ರೀಮತಿ ನಾಯ್ಡು ಎಂಬ ಪಾತ್ರವೇನೋ ಇದೆ. ಆಕೆಯ ತಾಯ್ನುಡಿ ಇಲ್ಲ. ಎಲ್ಲರ ಮೇಲೂ ಒಂದೇ ಪವಿತ್ರ ಭಾಷೆಯನ್ನು ಹೊದಿಸಿದಾಗ ಸಮಾನತೆಯೂ ಬರುತ್ತದೆ, ಒಂದು ಬಗೆಯ ಅಳಿಸುವಿಕೆಯೂ ನಡೆಯುತ್ತದೆ. ಬಿಳಿಯರಾದ ಕಾಲನ್‌ಬಾಕ್, ಕುಮಾರಿ ಶ್ಲೆಸಿನ್, ಪಾರ್ಸಿ ರುಸ್ತುಮ್‌ಜಿ, ಕಸ್ತೂರಬಾ ಎಲ್ಲರೂ ಒಂದೇ ಶ್ಲೋಕದ ಅಡಿಯಲ್ಲಿ ನಿಲ್ಲುವುದು ರಂಗದ ಮೇಲೆ ಸುಂದರ. ಆದರೆ ಗಣಿಯ ಬಾಯಿಯಲ್ಲಿ ನಿಂತು ಕೂಗಿದ ಹೆಣ್ಣಿನ ಮಾತು ಯಾವುದಾಗಿತ್ತು ಎಂಬ ಪ್ರಶ್ನೆಯನ್ನು ಭಾಷಾಭ್ಯಾಸಿ ಕೇಳದೆ ಬಿಡಬಾರದು.

ಕೊನೆಯ ಅಂಕದ ನಡಿಗೆ 1913ರ ನವೆಂಬರ್ 6ರಂದು ಹೊರಟಿತು. ಗಾಂಧೀಜಿ ಕೊಟ್ಟ ಲೆಕ್ಕದಂತೆ 2,037 ಗಂಡಸರು, 127 ಹೆಂಗಸರು, 57 ಮಕ್ಕಳು. ದಿನಕ್ಕೆ ತಲೆಗೆ ಒಂದೂವರೆ ಪೌಂಡು ಬ್ರೆಡ್ಡು, ಒಂದು ಔನ್ಸ್ ಸಕ್ಕರೆ. ರಂಗದಲ್ಲಿ ಪಡೆ ಚದುರಿ ಗಾಂಧಿ ಒಬ್ಬರೇ ಉಳಿಯುತ್ತಾರೆ. ಆಗ ಅವರು ಹಾಡುವುದು ಎಂಟು ಸ್ವರಗಳ ಒಂದು ಆರೋಹಣ, ಬೇರೇನೂ ಇಲ್ಲ. ಕೆಳಗಿನಿಂದ ಮೇಲಕ್ಕೆ ಹತ್ತಿ, ಮತ್ತೆ ಕೆಳಗಿನಿಂದ ಆರಂಭ. ಹೀಗೆ ಸುಮಾರು ಮೂವತ್ತು ಬಾರಿ. ಪಾಶ್ಚಾತ್ಯರು ಫ್ರಿಜಿಯನ್ ಎನ್ನುವ ಈ ಸ್ವರಶ್ರೇಣಿ ಹಿಂದುಸ್ತಾನಿ ಪದ್ಧತಿಯ ಭೈರವಿ ಥಾಟಿಗೆ, ಕರ್ನಾಟಕ ಪದ್ಧತಿಯ ಹನುಮತೋಡಿಗೆ ಸಮ. ಬೈಠಕ್‌ಗಳು ಭೈರವಿಯಲ್ಲಿ ಮುಗಿಯುವುದನ್ನು ಕೇಳಿ ಬೆಳೆದವರಿಗೆ ಇಲ್ಲಿ ಏನೋ ಪರಿಚಿತವೆನಿಸಿದರೆ ಅಚ್ಚರಿಯಿಲ್ಲ. ಆದರೆ ರಾಗದ ಚಲನವಿಲ್ಲದ ಬರಿಯ ಮೆಟ್ಟಿಲನ್ನು ಭೈರವಿ ಎಂದು ಕರೆಯಬಾರದು. ಪಠ್ಯ ನಾಲ್ಕನೆಯ ಅಧ್ಯಾಯದ್ದು, ಧರ್ಮ ಬಾಡಿದಾಗಲೆಲ್ಲ ಮತ್ತೆ ಹುಟ್ಟಿಬರುವ ವಿಚಾರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ 2008ರಿಂದ ನಡೆದ ಫೆಲಿಮ್ ಮೆಕ್‌ಡರ್ಮಟ್ ನಿರ್ದೇಶನದ ಪ್ರಯೋಗದಲ್ಲಿ, ಈ ಹೊತ್ತಿಗೆ ಎತ್ತರದ ವೇದಿಕೆಯ ಮೇಲೆ ಕಿಂಗ್ ಪ್ರೇಕ್ಷಕರಿಗೆ ಬೆನ್ನು ಮಾಡಿ, ಕಾಣದ ಜನಸ್ತೋಮಕ್ಕೆ ಸದ್ದಿಲ್ಲದೆ ಭಾಷಣ ಮಾಡುತ್ತಿರುತ್ತಾರೆ. ಹಳೆಯ ವೃತ್ತಪತ್ರಿಕೆಯ ಹಾಳೆಗಳಿಂದ ಮಾಡಿದ ದೈತ್ಯ ಗೊಂಬೆಗಳು ಆ ಪ್ರಯೋಗದ ಇನ್ನೊಂದು ವಿಶೇಷ.

ಅದೇ ಪ್ರಯೋಗ 2011ರ ಡಿಸೆಂಬರ್ 1ರಂದು ಆ ಸಾಲಿನ ಕೊನೆಯ ಪ್ರದರ್ಶನ ಮುಗಿಸಿತು. ಆ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ವಾಲ್ ಸ್ಟ್ರೀಟ್ ವಿರುದ್ಧದ ಚಳವಳಿ ನಡೆದಿತ್ತು. ಒಳಗೆ ದುಬಾರಿ ಟಿಕೆಟ್ ಕೊಂಡವರು ಸತ್ಯಾಗ್ರಹವನ್ನು ನೋಡುತ್ತಿದ್ದಾಗ ಹೊರಗೆ ಚಳವಳಿಗಾರರು ಪೋಲೀಸರ ಅಡ್ಡಗಟ್ಟೆಗಳ ಆಚೆ ನಿಂತಿದ್ದರು. ಪರದೆ ಬಿದ್ದ ಮೇಲೆ ಗ್ಲಾಸ್ ಅವರ ನಡುವೆ ಬಂದು ನಿಂತು, ಗಾಂಧಿಯ ಕೊನೆಯ ಹಾಡಿನ ಶ್ಲೋಕಗಳನ್ನು ಇಂಗ್ಲಿಷಿನಲ್ಲಿ ಓದಿದರು. ಧ್ವನಿವರ್ಧಕ ಬಳಸದ ಚಳವಳಿಯ ಪದ್ಧತಿಯಂತೆ, ಅವರು ಒಂದೊಂದು ತುಂಡು ಹೇಳಿದಾಗಲೂ ಹತ್ತಿರದವರು ಅದನ್ನು ಒಕ್ಕೊರಲಿನಿಂದ ಮರುನುಡಿದು ಹಿಂದಿನವರಿಗೆ ದಾಟಿಸಿದರು. ಮೂವತ್ತೊಂದು ವರ್ಷ ಸಂಸ್ಕೃತದಲ್ಲಿ ಹಾಡಿಸಿಕೊಂಡಿದ್ದ ಆ ಮಾತುಗಳು ಅಂದು ರಾತ್ರಿ ಬೀದಿಯಲ್ಲಿ ನಿಂತವರ ಆಡುನುಡಿಯಲ್ಲಿ, ಅವರದೇ ಬಾಯಿಂದ, ಮತ್ತೆ ಮತ್ತೆ ಕೇಳಿಸಿದವು.